ಮೊಳೆ ಹೊಡೆಯುವಂತಿಲ್ಲ

ತಾರ್ತು ಊರಿನಲ್ಲಿ ಒಂದು ಕೇರಿಯ ಹೆಸರೇ ಸಾರಿನ ಕೇರಿ.
ಬೀದಿಗಳೆಲ್ಲ ತರಕಾರಿ: ಬಟಾಣಿ, ಹುರುಳಿಕಾಯಿ, ಆಲೂಗಡ್ಡೆ.
ಆಲೂಗಡ್ಡೆ ಬೀದಿಯ ಮರದ ಮನೆಯೊಂದರ ಅಟ್ಟದಲ್ಲಿ
ನಾನು, ನನ್ನ ಮಗ ತಾನೆಲ್, ಕಬ್ಬಿಣದ ಒಲೆ,
ಬಾಡಿಗೆಗೆ ಸೇರದ ಒಂದು ಬೆಕ್ಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಇಲ್ಲಿ ಮಾಡು ಬಿಟ್ಟಷ್ಟು ತಲೆ ಎತ್ತಬೇಕು.
ನಡುವೆ ನಿಂತರೆ ಆಳೆತ್ತರ,
ಎರಡು ಹೆಜ್ಜೆ ಸರಿದರೆ ಕೂತವರ ಎತ್ತರ,
ಅಂಚಿಗೆ ಹೋದರೆ ಬೆಕ್ಕಿಗೆ ಮಾತ್ರ,
ಅದಕ್ಕೂ ಬಾಲ ಇಳಿಸಿಕೊಂಡರೆ.

ಹದಿಮೂರು ತುಂಬಿದ ವಾರ
ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತ, ತಲೆ ಎತ್ತದೆ,
ಒಡೆದ ದನಿಯಲ್ಲಿ ಅಂದ:
ಅಮ್ಮಾ, ನನಗೊಂದು ಗೋಡೆ ಬೇಕು.
ಎಷ್ಟು ದೊಡ್ಡದು?
ನೀನು ಕಾಣದಷ್ಟು.

ಕೆಳಗಿನ ಮನೆಯ ಹೆಲ್ಮಿ ಕರಾರಿನಲ್ಲಿ
ನೀಲಿ ಶಾಯಿಯಲ್ಲಿ ಬರೆದಿದ್ದಳು, ಎರಡು ಗೆರೆ ಎಳೆದು:
ಮೊಳೆ ಹೊಡೆಯುವಂತಿಲ್ಲ.
ಅವಳಪ್ಪ ಕೈಯಾರೆ ಜೋಡಿಸಿದ ಹಲಗೆಗಳು.

ಭಾನುವಾರದ ಸಂತೆಯಿಂದ ಪುಸ್ತಕದ ಕಪಾಟು ತಂದೆವು.
ಕಪಾಟು ನಿಲ್ಲುವಲ್ಲಿ ಒಲೆಯ ಕೊಳವೆ,
ಕೊಳವೆ ಇಲ್ಲದಲ್ಲಿ ಕಪಾಟಿಗೆ ತಲೆ ಎತ್ತಲಾಗದು.
ಮೆಟ್ಟಿಲಲ್ಲೇ ಉಳಿಯಿತು. ಈಗ ಅದರಲ್ಲಿ ಚಪ್ಪಲಿಗಳು.

ಗೆಳತಿ ಉರ್ವೆ ಸ್ಪ್ರಿಂಗಿನ ಸರಳು ಕೊಟ್ಟಳು,
ಎರಡು ಗೋಡೆ ಎದುರುಬದುರಿದ್ದರೆ ಕಚ್ಚಿ ನಿಲ್ಲುವಂಥದು.
ನಮ್ಮವು ತಲೆಗೆ ತಲೆ ಕೊಟ್ಟು ಒರಗಿದ ಹಲಗೆಗಳು,
ಒತ್ತಿದಷ್ಟೂ ಜಾರಿಸುವವು.
ರಾತ್ರಿ ಎರಡಕ್ಕೆ ಸರಳು, ದುಪ್ಪಟಿ, ಕ್ಲಿಪ್ಪುಗಳು
ಎಲ್ಲ ಒಟ್ಟಿಗೆ ಅವನ ಮೇಲೆ.
ಇಬ್ಬರೂ ನಕ್ಕೆವು.
ಮೊದಲು ನಗು ನಿಲ್ಲಿಸಿದವನು ಅವನು.

ಆಮೇಲೆ ಫ್ರಿಜ್ಜಿನ ರಟ್ಟಿನ ಡಬ್ಬ ಬಿಚ್ಚಿ ನಿಲ್ಲಿಸಿದ.
ಮೇಲ್ಮುಖ ಎಂದು ಬಾಣ ತೋರಿಸುತ್ತಿತ್ತು;
ಬೇಕೆಂದೇ ತಲೆಕೆಳಗು ಮಾಡಿದ.
ಹನ್ನೆರಡು ದಿನ ಬಾಳಿತು.
ಮಾಡಿನ ಹಿಮ ಕರಗಿ ತೊಟ್ಟಿಕ್ಕಿದ್ದೇ ತಡ
ಮೊಣಕಾಲೂರಿ ಕೂತಿತು, ಕುಡುಕನ ಹಾಗೆ.

ನಾನು ನಾಟಕಶಾಲೆಯಲ್ಲಿ ಉಡುಪು ಹೊಲಿಯುವವಳು.
ಅಲ್ಲಿ ಎಸೆಯಲು ಇಟ್ಟ ಕಪ್ಪು ಪರದೆಯೊಂದಿತ್ತು,
ಮೂರು ನಾಟಕಗಳಿಗೆ ರಾತ್ರಿಯಾಗಿ ದುಡಿದದ್ದು.
ಮನೆಗೆ ಹೊತ್ತು ತಂದೆ.
ನೆಲದಿಂದ ಮಾಡಿಗೆ ದಾರ ಹಿಡಿದು
ಗೇಣಿಗೊಂದು ಗಂಟು ಹಾಕಿ ಅಳೆದೆವು.
ಅವನು ದಾರ ಹಿಡಿದ, ನಾನು ಗಂಟು ಹಾಕಿದೆ.
ನನ್ನ ಕಣ್ಣಿಂದ ಮರೆಯಾಗಲು
ಎಷ್ಟು ಹೊತ್ತು ನನ್ನೆದುರೇ ನಿಂತ!

ಬಟ್ಟೆಯನ್ನು ಓರೆಗೆ ಕತ್ತರಿಸಬಾರದು, ಎಳೆ ಹಿಗ್ಗುತ್ತದೆ.
ಗೊತ್ತಿದ್ದೂ ಕತ್ತರಿಸಿದೆ; ಮಾಡಿಗೆ ಬೇರೆ ಭಾಷೆ ಬಾರದು.
ನೆತ್ತಿಯ ತೊಲೆಗೆ ಹಗ್ಗ ಸುತ್ತಿ
ಕೆಳ ಅಂಚಿನಲ್ಲಿ ನದಿಯ ಕಲ್ಲು ಹೊಲಿದೆ.
ಒಂದು ಮೊಳೆಯೂ ಇಲ್ಲ.

ಗೋಡೆಗೆ ಕಿವಿ ಇದೆ ಅನ್ನುತ್ತಾರೆ.
ಬಟ್ಟೆಗೆ ಮೈಯೆಲ್ಲ ಕಿವಿ.
ಅವನು ಹಾಳೆ ಮಗುಚುವುದು ನನಗೆ,
ನಾನು ಚಿಲ್ಲರೆ ಎಣಿಸುವುದು ಅವನಿಗೆ.
ಪರದೆಯನ್ನು ತಟ್ಟುವುದು ಹೇಗೆ?
ಖಾಲಿ ಡಬ್ಬದ ಪಕ್ಕ ಚಮಚ ತೂಗುಬಿಟ್ಟ.
ಮರೆತು ನಾನು ತಟ್ಟದೆ ನುಗ್ಗಿದ ದಿನ
ಅವನು ಸುಮ್ಮನೆ ಕೂತಿದ್ದ, ಏನೂ ಮಾಡದೆ.
ಅದನ್ನೇ ಅಡಗಿಸಿಡಬೇಕಿತ್ತೇನೋ.

ಬೇಸಿಗೆಯ ಹೊತ್ತಿಗೆ ಓರೆ ಎಳೆ ಹಿಗ್ಗಿ
ನೆತ್ತಿಯಲ್ಲಿ ಅಂಗೈಯಗಲ ಸಂದು.
ಅವನ ದೀಪದ ಮುಕ್ಕೋನ ಬೆಳಕು
ನನ್ನ ಹಲಗೆಯ ಮೇಲೆ ಬೀಳುತ್ತದೆ.
ಸೂಜಿ ತೆಗೆದಿಟ್ಟೆ. ನಾಳೆ ನಾಳೆ ಎಂದೆ.

ಹೆಲ್ಮಿ ಕನ್ನಡಕ ಏರಿಸಿಕೊಂಡು ಬಂದಳು,
ಹಲಗೆ ಹಲಗೆಯನ್ನೂ ಅಂಗೈಯಲ್ಲಿ ಸವರಿದಳು.
ಒಂದು ತೂತೂ ಸಿಗಲಿಲ್ಲ.
ಪರದೆ ನೋಡಿ ಕೇಳಿದಳು: ಇದು ಎಷ್ಟು ದಿನಕ್ಕೆ?
ಸದ್ಯಕ್ಕೆ, ಎಂದೆ ನಾನು.
ಸದ್ಯಕ್ಕೆ, ಎಂದಿತು ಒಳಗಿಂದ ಒಂದು ಗಂಡು ದನಿ.
ಯಾರು ಬಂದರೆಂದು ಬೆಚ್ಚಿ ತಿರುಗಿದೆ.

ಹೆಲ್ಮಿ ಮೆಲ್ಲಗೆ ಚಮಚ ತಟ್ಟಿದಳು.