ಆರು ಸಿ

ಪೀಣ್ಯ ಎರಡನೇ ಹಂತ, ಮಹಡಿ ಮೇಲಿನ ಕೋಣೆ.
ಕೆಳಗೆ ಪ್ರೆಸ್ಸು ಬಿದ್ದಾಗೆಲ್ಲ
ನನ್ನ ಲೋಟದ ಟೀಯಲ್ಲಿ ಉಂಗುರ ಏಳುತ್ತದೆ.

ಅಂಗೈಯಗಲದ ಮೀಟರು. ಬಿಚ್ಚಿದರೆ
ನೂರ ನಲವತ್ತೆರಡು ಬಿಡಿಭಾಗ.
ಒಂದೊಂದಕ್ಕೂ ಒಂದು ಕಾಗದ ಬೇಕು:
ಸೀಸ ಇಲ್ಲ, ಪಾದರಸ ಇಲ್ಲ, ಕ್ಯಾಡ್ಮಿಯಂ ಇಲ್ಲ.
ಜರ್ಮನಿಯಲ್ಲಿ ಯಾರೋ ಕೇಳಿಯಾರು,
ಹತ್ತು ವರ್ಷ ಜೋಪಾನ ಮಾಡಬೇಕು.
ಇಲ್ಲ ಎನ್ನುವುದನ್ನು ಇಷ್ಟು ದಪ್ಪ ಫೈಲಿನಲ್ಲಿ
ಕೂಡಿಡುವ ಕೆಲಸ ನನ್ನದು.

ಬರುತ್ತವೆ ಕಾಗದ. ಅದೇ ಸಹಿ, ಓರೆಯಾಗಿ ಸ್ಕ್ಯಾನಾದ
ಅದೇ ಮೊಹರು, ತಾರೀಖಿನ ಮೇಲೆ ಮಾತ್ರ ಬಿಳಿ ಬಣ್ಣ.
ಕೆಪ್ಯಾಸಿಟರಿನವನು ಪ್ಲಾಸ್ಟಿಕ್ಕಿನ ಪತ್ರ ಕಳಿಸಿದ್ದಾನೆ.
ಸ್ಟಿಕ್ಕರಿನವರು ಕೇಳುತ್ತಾರೆ: ಅಂಟಿಗೂ ಬೇಕಾ ಮೇಡಂ?
ಬೇಕು. ಅಂಟಿಗೂ ಬೇಕು. ಅದರ ಮೇಲಿನ ಮಸಿಗೂ.

ಒಬ್ಬರದು ಮಾತ್ರ ಬಂದಿರಲಿಲ್ಲ.
ರಾಜಗೋಪಾಲನಗರದ ಗಂಗಹನುಮಯ್ಯ,
ಎರಡು ಲೇತು, ಶೀಟಿನ ಸೂರು,
ನಮಗೆ ಹಿತ್ತಾಳೆ ಪಿನ್ನು ಮಾಡಿಕೊಡುವವರು.
ಮೂರು ಸಲ ಫೋನು. ನಾಲ್ಕನೆಯದಕ್ಕೆ
ಬಂತು, ಎಣ್ಣೆ ಬೆರಳಿನ ಗುರುತಿನ ಸಮೇತ.
ಸೀಸ ಎಂಬ ಸಾಲಿನ ಎದುರು, ಕನ್ನಡದಲ್ಲಿ,
ಇದೆ
ಎಂದು ಬರೆದಿದ್ದರು.

ಪರೀಕ್ಷೆ ಮಾಡಿಸಿದಿರಾ?

ಎಲ್ಲಿಯ ಪರೀಕ್ಷೆ ತಾಯಿ.
ಸೀಸ ಇಲ್ದಿರೋ ಹಿತ್ತಾಳೆ ಟೂಲಿಗೆ ಸುತ್ಕೊಂಡು
ಉದ್ದಕ್ಕೆ ಸುರುಳಿ ಸುರುಳಿ ಬರುತ್ತೆ, ಕೈ ಕುಯ್ಯುತ್ತೆ.
ಇದು ರವೆ ಥರ ಉದುರುತ್ತೆ.
ಮೂವತ್ತು ವರ್ಷ ಗುಡಿಸಿದೀನಿ, ನಂಗೊತ್ತಾಗಲ್ವಾ?
ಇಲ್ಲ ಅಂತ ಬರೀರಿ ಅಂದ್ರೆ
ಬರ್ಕೊಡ್ತೀನಿ. ಆದ್ರೆ ಇದೆ.

ಎಕ್ಸ್‌ರೇ ಗನ್ನು ಹಿಡಿದು ನೋಡಿದೆ:
ಎರಡು ಪಾಯಿಂಟು ಎಂಟು ಪರ್ಸೆಂಟು.
ಪಕ್ಕದ ಡಬ್ಬಿಯಲ್ಲಿ ಇನ್ನೊಬ್ಬರ ಪಿನ್ನು,
ಲವಲೇಶವೂ ಇಲ್ಲವೆಂದು ಬಣ್ಣದ ಮೊಹರಿನಡಿ
ಪ್ರಮಾಣ ಮಾಡಿದ್ದು:
ಮೂರು ಪಾಯಿಂಟು ಒಂದು.

ಕಾನೂನಿಗೂ ಲೇತಿನ ಕಷ್ಟ ಗೊತ್ತು.
ವಿನಾಯಿತಿ ಪಟ್ಟಿಯಲ್ಲಿ ಆರು ಸಿ,
ತಾಮ್ರದ ಮಿಶ್ರಲೋಹಕ್ಕೆ ನಾಲ್ಕು ಪರ್ಸೆಂಟಿನ ತನಕ ಮಾಫಿ.
ಮಾಫಿ ಕೇಳುವ ಮೊದಲು ಮಾತ್ರ
ಇದೆ ಎನ್ನಬೇಕು.

ಹಾಳೆಗೆ ತೂತು ಹೊಡೆದು ಫೈಲಿಗೆ ಪೋಣಿಸಿದೆ.
ಆಡಿಟರಿಗೆ ಕನ್ನಡ ಬರುವುದಿಲ್ಲ;
ಆ ಎರಡು ಅಕ್ಷರದ ಕೆಳಗೆ ಪೆನ್ಸಿಲಿನಲ್ಲಿ
ಅರ್ಥ ಬರೆದೆ, ಎಣ್ಣೆಯ ಕಲೆ ಒರೆಸಲಿಲ್ಲ.

ಈಗ ಬಣ್ಣದ ಮೊಹರಿನವರಿಗೆ ಫೋನು ಹಚ್ಚಿದ್ದೇನೆ.
ಕೆಳಗೆ ಪ್ರೆಸ್ಸು ಬೀಳುತ್ತಿದೆ.
ಅತ್ತ ಕಡೆ ರಿಂಗಾಗುತ್ತಿದೆ, ಇನ್ನೂ ಎತ್ತಿಲ್ಲ.