ಅರ್ಧ ಇಂಚು

ಅಬು ಮಿಶಾರಿ ಮುರ್ಗಾಬಿನ ಅಂಗಡಿಗೆ ಬಂದದ್ದು ಡಿಸೆಂಬರಿನಲ್ಲಿ,
ಉಣ್ಣೆ ದಿಶ್ದಾಶಾಗೆ ಅಳತೆ ಕೊಡಲು.
ಕೊರಳು ಹದಿನಾರೂವರೆ, ತೋಳು ಇಪ್ಪತ್ನಾಲ್ಕು,
ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ.
ಟೇಪು ತಪ್ಪಿತೆಂದು ಇನ್ನೊಮ್ಮೆ ಹಿಡಿದೆ.
ತಪ್ಪಿರಲಿಲ್ಲ.

"ಒಳಗೊಂದು ಕಿಸೆ ಬೇಕು ಖಯ್ಯಾತ್, ಇಲ್ಲಿ"
ಪಕ್ಕೆಲುಬಿನ ಮೇಲೆ ಕೈಯಿಟ್ಟ.
ಮೊಬೈಲಿಗಾ ಅಂದೆ. ನಗಲಿಲ್ಲ.
ಪರದೆಯ ಹಿಂದೆ ಹೋಗಿ ತೆಗೆದು
ಸೀಮೆಸುಣ್ಣದ ಡಬ್ಬಿಯ ಪಕ್ಕ ಇಟ್ಟ:
ಅಂಗೈಯಷ್ಟೇ. ಹಿಡಿಕೆ ಸವೆದು ನಯವಾಗಿತ್ತು,
ದಿನಾ ಎಣಿಸುವ ತಸ್ಬಿಯ ಮಣಿಯಂತೆ.

ತೊಂಬತ್ತರ ಆಗಸ್ಟಿನಲ್ಲಿ ಬಾಗಿಲು ಒಡೆದವರು
ಇವತ್ತೂ ಮೆಟ್ಟಿಲು ಹತ್ತುತ್ತಿದ್ದಾರೆ ಎಂಬಂತೆ ಹೇಳಿದ.
ಅಂದು ಕೈ ಖಾಲಿಯಿತ್ತಂತೆ.
ಅಂದಿನಿಂದ ಹಾಲಿಗೆ, ಬ್ಯಾಂಕಿಗೆ, ಮೊಮ್ಮಗಳ ಶಾಲೆಗೆ
ಇದು ಜೊತೆಗೆ. ಒಮ್ಮೆಯೂ ಹಾರಿಸಿಲ್ಲ.
ಲೈಸೆನ್ಸ್ ಕೇಳುವ ಧೈರ್ಯ ನನಗೆಲ್ಲಿಯದು;
ಇಕಾಮಾ ಮುಗಿಯಲು ಎರಡು ತಿಂಗಳಿದ್ದವನು
ಬೇರೆಯವರ ಕಾಗದ ಕೇಳುವುದಿಲ್ಲ.

ಮುಟ್ಟಲಿಲ್ಲ ನಾನು ಅದನ್ನು.
ಸೋಪಿನ ಪೆಟ್ಟಿಗೆಯ ರಟ್ಟು ಪಕ್ಕಕ್ಕಿಟ್ಟು
ಕಣ್ಣಳತೆಯಲ್ಲೇ ಗೆರೆ ಎಳೆದು ಕತ್ತರಿಸಿದೆ.

ಕಿಸೆ ಅಂದರೆ ಅರಿವಿಯ ಗುಟ್ಟು.
ಭಾರ ಒಂದೇ ಕಡೆ ಜಗ್ಗಬಾರದು,
ನಡೆದರೆ ಬಡಿಯಬಾರದು, ಬಗ್ಗಿದರೆ ಜಾರಬಾರದು,
ನಮಾಜಿಗೆ ಹಣೆ ಊರಿದಾಗ ಎದೆಗೆ ಒತ್ತಬಾರದು.
ಕ್ಯಾನ್ವಾಸು ಎರಡು ಪದರ, ಬಾಯಿಗೆ ಓರೆ ಹೊಲಿಗೆ.
ಗುಳೇದಗುಡ್ಡದ ನಮ್ಮಜ್ಜಿಯ ಸೊಂಟದಲ್ಲೊಂದು ಸಂಚಿ,
ಅದರಲ್ಲಿ ಎಲೆ, ಸುಣ್ಣ, ಅಡಕೊತ್ತು.
ಸಂತೆಯಿಂದ ಕತ್ತಲಲ್ಲಿ ಒಬ್ಬಳೇ ಬರುವವಳು
"ಯಾವನರ ಮೈಮ್ಯಾಲೆ ಬಂದ್ರ ಅವನ ಬೆರಳು ಅಡಕಿ ಆಗ್ತಾವ" ಅನ್ನುತ್ತಿದ್ದಳು.
ಯಾರೂ ಬರಲಿಲ್ಲ.
ಹಲ್ಲೆಲ್ಲ ಹೋದ ಮೇಲೂ ಅಡಕೊತ್ತು ಬಿಡಲಿಲ್ಲ.

ಅವನು ಹೋದ. ರಟ್ಟು ಉಳಿಯಿತು.

ಪಗಾರದ ದಿನ. ಹೋದ ತಿಂಗಳು ಇದೇ ದಿನ
ಸೇತುವೆಯ ಕೆಳಗೆ ಮೂವರು ಹುಡುಗರು ಕಾರು ನಿಲ್ಲಿಸಿ
ಪೊಲೀಸರು ನಾವು ಎಂದು ಹೇಳಿ ನನ್ನ ಕಿಸೆ ಬಳಿದಿದ್ದರು.
ನಗಬೇಡಿ: ಆ ರಟ್ಟನ್ನು ಅಂಗಿಯೊಳಗೆ ಇಟ್ಟುಕೊಂಡೆ.
ನಡಿಗೆಯೇ ಬೇರೆಯಾಯಿತು.
ಎದುರು ಬಂದವರ ಮುಖ ಬಿಟ್ಟು ಕೈ ನೋಡತೊಡಗಿದೆ.
ಬೇಕರಿಯ ಇರಾನಿ ಮುದುಕ ಸಲಾಂ ಅಂದರೆ
ಒಂದು ಹೆಜ್ಜೆ ಹಿಂದೆ ಸರಿದೆ.
ಬಿಸಿ ರೊಟ್ಟಿಯನ್ನು ಎಡಗೈಯಲ್ಲಿ ತೆಗೆದುಕೊಂಡೆ,
ಎಂಟು ವರ್ಷದಲ್ಲಿ ಮೊದಲ ಸಲ;
ಬಲಗೈ ಎದೆಯ ಹತ್ತಿರ ಇರಬೇಕಲ್ಲ.
ಅವನು ಚಿಲ್ಲರೆ ಕೊಡುತ್ತಾ ನನ್ನನ್ನೇ ನೋಡಿದ.

ಗಲ್ಲಿಯ ತಿರುವಿನಲ್ಲಿ ಕಾರೊಂದು ನಿಧಾನವಾಯಿತು.
ಗಾಜು ಇಳಿಯಿತು.
ನನ್ನ ಕೈ ಅಂಗಿಯೊಳಗೆ ಹೋಯಿತು.
ಕಾರಿನೊಳಗೂ ಒಂದು ಕೈ ಸೀಟಿನ ಕೆಳಗೆ ಇಳಿದದ್ದು ಕಂಡಿತು.
ಎಷ್ಟು ಹೊತ್ತೋ.
ಆಮೇಲೆ ಹೆಣ್ಣಿನ ದನಿ:
ಆಸ್ಪತ್ರೆಗೆ ದಾರಿ ಯಾವುದು?
ಹಿಂದಿನ ಸೀಟಿನಲ್ಲಿ ಮಗು ಕೆಮ್ಮುತ್ತಿತ್ತು.
ದಾರಿ ತೋರಿಸಲು
ಕೈ ಹೊರಗೆ ತೆಗೆಯಬೇಕಾಯಿತು.

ಮರುದಿನ ರಟ್ಟನ್ನು ನಾಲ್ಕು ಮಡಿಕೆ ಮಾಡಿ
ಅಲುಗುವ ಮಷಿನ್ನಿನ ಕಾಲಡಿ ಕೊಟ್ಟೆ.

ಮಾರ್ಚಿನಲ್ಲಿ ಅಬು ಮಿಶಾರಿ ಮತ್ತೆ ಬಂದ,
ಬೇಸಿಗೆಯ ಬಿಳಿ ದಿಶ್ದಾಶಾಗೆ.
ಈ ಸಲ ಕಿಸೆ ಬೇಡವೆಂದ.
ಮಗ ಅದನ್ನು ಕಸಿದು ಎಲ್ಲೋ ಬೀಗ ಹಾಕಿಟ್ಟಿದ್ದಾನಂತೆ.
ಕೊರಳು ಹದಿನಾರು. ಇಳಿದಿದ್ದಾನೆ.
ಎಡ ಹೆಗಲು ಅಲ್ಲೇ ಇತ್ತು, ಅರ್ಧ ಇಂಚು ಕೆಳಗೆ.
ಕನ್ನಡಿಯಲ್ಲಿ ಅವನೂ ನೋಡಿದ.
"ಸರಿ ಮಾಡಲು ಬರುತ್ತದಾ?"
ಬಟ್ಟೆಯಲ್ಲಿ ಬರುತ್ತದೆ ಅಂದೆ,
ಎಡಕ್ಕೊಂದು ತೆಳು ಪ್ಯಾಡು ಇಟ್ಟರೆ ಯಾರಿಗೂ ಕಾಣುವುದಿಲ್ಲ.
ಇನ್ನೇನೋ ಕೇಳಲು ತಿರುಗಿದ.
ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು.