ಕುಣಿಮಗ್ಗ

ನಲವತ್ತು ವರ್ಷ ಸೊಂಟದ ಮಟ ನೆಲದಾಗಿದ್ದೆ.
ಗುಳೇದಗುಡ್ಡದ ನಮ್ಮ ಓಣ್ಯಾಗ ಗಂಡಸಂದ್ರ ಹಂಗ:
ಅರ್ಧ ಮೈ ಕುಣಿಯೊಳಗ, ಅರ್ಧ ಮೈ ಮ್ಯಾಲ,
ಮ್ಯಾಲಿನ ಅರ್ಧಕ್ಕ ಮೀಸಿ.

ಆನಿಹೆಜ್ಜಿ, ಸೂಜಿಮಲ್ಲಿಗಿ, ತುಳಸಿಪಾನ,
ಎಷ್ಟು ಖಣ ಇಳಿಸೇನಿ ಲೆಕ್ಕ ಇಟ್ಟಿಲ್ಲ.
ಯಾರ್ಯಾರ ಬೆನ್ನಿಗೆ ಬಿಗದ್ವೋ,
ಯಾರ ಉಡಿಯೊಳಗ ತೆಂಗಿನಕಾಯಿ ಜೋಡಿ ಕುಂತ್ವೋ.
ಹೆಣ್ಣಿನ ಅರಿವಿ ನೇಯ್ದು ನೇಯ್ದು ನಾ ಗಂಡಸಾಗಿದ್ದೆ.
ಮನ್ಯಾಕಿಗೆ ಮಾತ್ರ ಎಳಿ ತಪ್ಪಿದ ಖಣ,
ಸೇಠ ಒಲ್ಲೆ ಅಂತ ಒಗದದ್ದು.

"ಹೆಣ್ಣು ಕುಣಿಗೆ ಇಳದ್ರ ಹಾಸು ಕಡೀತೈತಿ"
ಅಂತ ಅಪ್ಪ ಹೇಳಿದ್ದ. ಅವನಪ್ಪ ಅವಗ.
ಅಕಿ ಗ್ವಾಡಿ ಬುಡಕ, ರಾಟಿ ಮುಂದ.
ನಾ ತಿರುಗಿ ನೋಡದ ಕೈ ಚಾಚಾಂವ,
ಕೈಯಾಗ ಕಂಡಿಕಿ ಬಂದು ಕುಂದ್ರತಿತ್ತು.
ಒಮ್ಮೆ ತಡಾತು. ಖಾಲಿ ಲಾಳಿ ಬೀಸಿ ಒಗದೆ.
ಹುಬ್ಬಿನ ಮ್ಯಾಲ ಆ ಗೆರಿ ಈಗೂ ಐತಿ,
ಕುಂಕುಮ ಅದರ ಬಾಜೂಕ ಇಟ್ಟಕೋತಾಳ.

ಬೆನ್ನಾಗಿನ ಮಣಿ ಸರಿದು,
ಬಾಗಲಕೋಟಿ ಡಾಕ್ಟರ್ ಎಕ್ಸರೇ ಬೆಳಕಿಗೆ ಹಿಡಿದು
"ಇನ್ನ ಕುಣಿ ಬಿಡ್ರಿ" ಅಂದ.
ಹನ್ನೊಂದು ದಿನ ಮಗ್ಗ ಸುಮ್ಮನಿತ್ತು.
ಹನ್ನೆರಡನೇ ರಾತ್ರಿ ಖಟ್ ಖಟ್ ಕೇಳಿ
ಸತ್ತ ಅಪ್ಪ ಬಂದಾನಂತ ಎದ್ದು ಕುಂತೆ.
ಬಲ್ಬಿನ ಬೆಳಕಿನ್ಯಾಗ ಅಕಿ ಅರ್ಧ ಮೈ.
ಸೆರಗು ಸೊಂಟಕ್ಕ ಬಿಗದಿತ್ತು. ಹಾಸು ಕಡದಿದ್ದಿಲ್ಲ.

"ಯಾವಾಗ ಕಲಿತಿ?"
"ಕೈ ಕಂಡಿಕಿ ಸುತ್ತತಿದ್ವು.
ಕಣ್ಣು ಖಾಲಿ ಇದ್ವಲ್ಲ."

ನಾ ರಾಟಿಗೆ ಬಂದೆ.
ಮೊದಲನೇ ವಾರ ಬರೇ ಹರಕ ಎಳಿ.
ಬೈಲಿಲ್ಲ ಅಕಿ. ಬೆರಳು ನಾಲಿಗಿಗೆ ಹಚ್ಚಿ
ತುದಿಗೆ ತುದಿ ಹೊಸೆದು ತೋರಿಸಿದ್ಲು.
ಬೈದಿದ್ರ ಚೊಲೊ ಇತ್ತು.

ಖರೇ ಹೇಳತೀನಿ, ಹೊರಗ ಸುಳ್ಳ ಹೇಳಿದೆ.
ಚಾದಂಗಡ್ಯಾಗ ಹುಚ್ಚಪ್ಪ "ಬೆನ್ನು ಹ್ಯಾಂಗೋ" ಅಂದ್ರ
"ನಿನ್ನೆ ಎರಡು ಖಣ ಇಳಿಸಿದೆ" ಅಂದೆ.
ಸೇಠ ಬರೂದು ಸೋಮವಾರ. ಅವನ ಗಾಡಿ ಸಪ್ಪಳಕ್ಕ
ಅಕಿ ಎದ್ದು ಒಳಗ ಹೋಗಾಕಿ,
ನಾ ಹಲ್ಲು ಕಚ್ಚಿ ಕುಣಿಗೆ ಇಳಿಯಾಂವ.
ಅಕಿ ಕುಂತ ಜಾಗ ಇನ್ನೂ ಬೆಚ್ಚಗಿರತಿತ್ತು.

"ಮಾಗುಂಡಪ್ಪ, ಈಗೀಗ ನಿನ್ನ ದಡಿ ಭಾಳ ನ್ಯಾಟಗ ಬರತಾವಲೋ"
ಅಂತ ಸೇಠ ಖಣ ಸವರಿದ.
ಅಕಿ ಚಾ ತಂದಿಟ್ಟು
ನನ್ನ ಮಾರಿ ನೋಡಲಿಲ್ಲ.
ಚಾದಾಗ ಸಕ್ಕರಿ ಸರಿ ಇತ್ತು, ಎಲ್ಲಾ ಸರಿ ಇತ್ತು.
ಗಂಟಲದಾಗ ಇಳೀಲಿಲ್ಲ.

ಮುಂದಿನ ಸೋಮವಾರ ರಾಟಿ ಬಿಟ್ಟು ಏಳಲಿಲ್ಲ.
ಅಕಿ ಏಳಾಕ ಹತ್ತಿದ್ಲು. "ಕುಂದರು" ಅಂದೆ.
"ಶಂಕ್ರವ್ವ ನೇಯ್ದಾಳ್ರಿ."
ಮೂವತ್ತೊಂದು ವರ್ಷದಾಗ ಆ ಹೆಸರು
ನನ್ನ ಬಾಯಾಗ ಮೊದಲನೇ ಸಲ,
ಹೊಸ ಹಲ್ಲಿನಂಗ ನಾಲಿಗಿಗೆ ತಾಕತಿತ್ತು.
ಸೇಠ ನಕ್ಕ. ಆಮ್ಯಾಲ ನಗು ನಿಲ್ಲಿಸಿ
ಕನ್ನಡಕ ಏರಿಸಿ ಅದ ದಡಿ ಮತ್ತ ನೋಡಿದ.
"ಹೆಣ್ಣಿನ ಕೈ. ಪೆಟ್ಟು ಚೂರು ಸಡಲ ಐತಿ" ಅಂದು
ಖಣಕ್ಕ ಐದು ರೂಪಾಯಿ ಮುರಕೊಂಡ.

ಅಂವ ಹೋದ ಮ್ಯಾಲ ಭಾಳ ಹೊತ್ತು ಲಾಳಿ ಓಡಲಿಲ್ಲ.
"ಖಣಕ್ಕ ಐದು ರೂಪಾಯಿ" ಅಂದ್ಲು.
"ನನ್ನ ಹೆಸರು ಇಷ್ಟು ತುಟ್ಟಿ ಅಂತ ಗೊತ್ತಿದ್ದಿಲ್ಲ."
ನಕ್ಲೋ, ಏನೋ. ಬೆಳಕು ಅಕಿ ಬೆನ್ನಿಗಿತ್ತು.

ಈಗ ಹುಚ್ಚಪ್ಪ ಬಳಿ ಇಡಸ್ಕೋ ಅಂತಾನ.
ಅನ್ಲಿ. ಬಳಿ ಇದ್ದ ಕೈ ಲಾಳಿ ಒಗದ್ರ
ಮಗ್ಗ ಹ್ಯಾಂಗ ಸಪ್ಪಳ ಮಾಡತೈತಿ, ಅಂವ ಕೇಳಿಲ್ಲ.
ಕುಣಿ ಥಂಡಿ ಇರತೈತಿ, ಅದು ನನಗ ಗೊತ್ತು.
ಗ್ವಾಣಿಚೀಲ ಮಡಚಿ ಅಕಿ ಕಾಲಬುಡಕ ಹಾಕೇನಿ.

ಅಕಿ ತಿರುಗಿ ನೋಡದ ಕೈ ಚಾಚತಾಳ.
ನಾ ಕಂಡಿಕಿ ಇಡತೀನಿ.
ಒಮ್ಮೊಮ್ಮೆ ತಡಾಗತೈತಿ.
ಖಾಲಿ ಲಾಳಿ ಅಕಿ ಕೈಯಾಗ ಇರತೈತಿ.
ನಾ ನನ್ನ ಹುಬ್ಬು ಮುಟ್ಟಿ ನೋಡಕೋತೀನಿ.